ಹಳೆಯ ಡಿಸ್ಕು, ಹೊಸ ಗಣಕಯಂತ್ರ

ಕೊಬ್ಬರಿ ಮಾರಾಟದ ಲೆಕ್ಕ, ಮಕ್ಕಳ ಅಂಕಪಟ್ಟಿ, ಮದುವೆಯ ಭಾವಚಿತ್ರಗಳು, ಅಜ್ಜಿಯ ಕಂಠದಲ್ಲಿ ಮುದ್ರಿಸಿಕೊಂಡ ವಚನಗಾಯನ – ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಎಷ್ಟೋ ಮನೆಗಳಲ್ಲಿ ಇವೆಲ್ಲವೂ ಇಂದು ಗಣಕಯಂತ್ರದ ಹಾರ್ಡ್ ಡಿಸ್ಕಿನಲ್ಲಿ ಅಡಗಿವೆ. ಯಂತ್ರ ಹಳತಾದೊಡನೆ ಅದನ್ನು ಇಡಿಯಾಗಿ ಗುಜರಿಗೆ ಹಾಕುವುದು ವಾಡಿಕೆ. ಆದರೆ ಯಂತ್ರ ಕೆಟ್ಟ ಮಾತ್ರಕ್ಕೆ ಡಿಸ್ಕು ಕೆಟ್ಟಿತೆಂದು ಅರ್ಥವಲ್ಲ. ಅದನ್ನು ಬಿಚ್ಚಿ ಹೊಸ ಯಂತ್ರಕ್ಕೆ ಜೋಡಿಸಬಹುದು.

2003ರ ಸುಮಾರಿಗೆ ಬಂದ ಸಾಟಾ ಮಾದರಿಯ ಡಿಸ್ಕುಗಳು ಇಂದಿನ ಮೇಜಿನ ಗಣಕಗಳಿಗೂ ಸಾಮಾನ್ಯವಾಗಿ ಹೊಂದುತ್ತವೆ. ಅದಕ್ಕೂ ಹಳೆಯ, ಅಗಲವಾದ ಪಟ್ಟಿ ತಂತಿಯ ಡಿಸ್ಕುಗಳಿಗೆ ಯು.ಎಸ್.ಬಿ. ಅಡಾಪ್ಟರ್ ಬೇಕು. ಜೋಡಿಸಿದಾಗ ಪರದೆಯು "ಫಾರ್ಮ್ಯಾಟ್ ಮಾಡಲೇ?" ಎಂದು ಕೇಳಿದರೆ ಒಪ್ಪಬಾರದು; ಒಪ್ಪಿದರೆ ಒಳಗಿನದು ಕೈತಪ್ಪುವ ಭಯವುಂಟು. ಮೊದಲ ಕೆಲಸ ನಕಲು, ಉಳಿದುದೆಲ್ಲ ಆಮೇಲೆ.

ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಅಲುಗಿಸಿ, ಒಳಗೆ ಸದ್ದಾದರೆ ಉಂಡೆ ಕೊಬ್ಬರಿಯಾಯಿತೆಂದು ಹಿಗ್ಗುವವರು ನಾವು. ಡಿಸ್ಕಿನ ವಿಷಯದಲ್ಲಿ ಇದು ತಿರುಗುಮುರುಗು. ಅದರೊಳಗಿನ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಓದುವ ಮುಳ್ಳು ಕೂದಲೆಳೆಗಿಂತಲೂ ಕಡಿಮೆ ಅಂತರದಲ್ಲಿ ಅವುಗಳ ಮೇಲೆ ಚಲಿಸುತ್ತದೆ. "ಟಿಕ್ ಟಿಕ್" ಎಂಬ ಸದ್ದು ಕೇಳಿಬಂದರೆ ಕೂಡಲೇ ನಿಲ್ಲಿಸಿ, ಬಲ್ಲವರಿಗೆ ತೋರಿಸುವುದು ವಿವೇಕ.

ನಕಲು ಮಾಡಿದ ಮಾತ್ರಕ್ಕೆ ಕೆಲಸ ಮುಗಿಯದು. ಹಳೆಯ ನುಡಿ, ಬರಹ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಿಸಿದ ಕನ್ನಡವು ಆ ವಿನ್ಯಾಸವಿಲ್ಲದ ಹೊಸ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಅದು ಕಡತ ಕೆಟ್ಟುದರ ಗುರುತಲ್ಲ. ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತಂದರೆ ಅಕ್ಷರಗಳು ಮರಳಿ ಕಾಣುತ್ತವೆ. ಅಲ್ಲಲ್ಲಿ ಒತ್ತಕ್ಷರ ತಪ್ಪಬಹುದಾದ್ದರಿಂದ ಒಮ್ಮೆ ಓದಿ ನೋಡಬೇಕು.

ಇಷ್ಟಾದ ಬಳಿಕ ಹಳೆಯ ಡಿಸ್ಕನ್ನು ಎರಡನೆಯ ಪ್ರತಿಯ ಭಂಡಾರವಾಗಿ ಬಳಸಬಹುದು. ಆದರೆ ಮನೆಯ ಏಕೈಕ ಪ್ರತಿಯನ್ನು ಮಾತ್ರ ಅದಕ್ಕೆ ಒಪ್ಪಿಸಬಾರದು. ದಣಿದ ಎತ್ತಿಗೆ ಇಡೀ ಗಾಡಿಯ ಭಾರ ಹೊರಿಸಿದಂತೆ. ಗುಜರಿಗೆ ಕೊಡುವುದಾದರೆ ಪೂರ್ಣವಾಗಿ ಅಳಿಸಿಯೇ ಕೊಡಬೇಕು. ಬರಿದೇ ಡಿಲೀಟ್ ಮಾಡಿದ ಬ್ಯಾಂಕು, ಆಧಾರ್ ಕಾಗದಗಳನ್ನು ಮತ್ತೊಬ್ಬರು ಹೊರತೆಗೆಯಬಲ್ಲರು.

ತಾಡವೋಲೆಗಳಲ್ಲಿ ಉಳಿದಿದ್ದ ವಚನಗಳನ್ನು ಫ.ಗು. ಹಳಕಟ್ಟಿಯವರು ಊರೂರು ಅಲೆದು ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಬೆಳಕಿಗೆ ತಂದರು. ಓಲೆ ಜೀರ್ಣವಾಗುವ ಮುನ್ನ ನುಡಿಯನ್ನು ಮತ್ತೊಂದು ಆಶ್ರಯಕ್ಕೆ ದಾಟಿಸಿದ ಕಾಯಕವದು. ನಮ್ಮ ಮನೆಯ ನುಡಿ, ನೆನಪುಗಳ ಮಟ್ಟಿಗೆ ಆ ಕಾಯಕ ಈಗ ನಮ್ಮದು. ಅಲಮಾರಿನಲ್ಲಿ ಹಳೆಯ ಡಿಸ್ಕಿದ್ದರೆ, ಬಂಧುಗಳೇ, ಈ ವಾರವೇ ಅದನ್ನು ತೆರೆದು ನೋಡಿರಿ.