ಹಕ್ಕಿಗೆ ಅಡ್ಡ ಬಂದವರು ಯಾರು?

"ಹೆಂಗಸರನ್ನು ಹಕ್ಕಿ ನೋಡಲು ಕರೆದೊಯ್ದರೆ ಮುಗಿಯಿತು, ಅವರ ಮಾತಿಗೇ ಹಕ್ಕಿ ಹಾರಿಹೋಗುತ್ತವೆ" ಎಂದು ನಮ್ಮ ಪ್ರವಾಸದ ಮಾರ್ಗದರ್ಶಕರು ವ್ಯಾನು ಹೊರಟ ಕೂಡಲೇ ಹೇಳಿದರು. ಹದಿನಾಲ್ಕು ಜನರಲ್ಲಿ ನಾವು ನಾಲ್ವರು ಹೆಂಗಸರು. ನಾವೂ ನಕ್ಕೆವು. ನಗಬಾರದಿತ್ತು.

ಅಂದು 2025ರ ಏಪ್ರಿಲ್ 6, ಭಾನುವಾರ, ರಾಮನವಮಿ. ಹಬ್ಬದ ದಿನ ಮನೆಯಾಕೆ ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ಹೊರಟರೆ ಎಷ್ಟು ಹುಬ್ಬು ಮೇಲೇರುತ್ತವೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಕೋಸಂಬರಿಗೆ ಹೆಸರುಬೇಳೆ ಅಳೆದಿಟ್ಟು, ಬೆಲ್ಲ ಪುಡಿಮಾಡಿಟ್ಟು, "ಪಾನಕ ಕದಡಲು ನಿಮಗೂ ಬರುತ್ತದೆ" ಎಂದು ಮನೆಯವರಿಗೆ ಹೇಳಿ ಹೊರಟಿದ್ದೆ.

ಘಟ್ಟ ಇಳಿದು ಕುಮಟಾ ಬಳಿಯ ಅಘನಾಶಿನಿ ಅಳಿವೆ ಮುಟ್ಟಿದಾಗ ಆರೂವರೆ. ನೀರು ದಂಡೆಯವರೆಗೆ ಭರ್ತಿ. ಕೆಸರೇ ಕಾಣದ ಮೇಲೆ ಕೆಸರಲ್ಲಿ ಹುಳ ಹೆಕ್ಕುವ ಹಕ್ಕಿ ಎಲ್ಲಿಂದ ಬರಬೇಕು? ಮಾರ್ಗದರ್ಶಕರು ದೂರದ ಗರುಡವೊಂದನ್ನು ತೋರಿಸಿ ಅದರ ಇಂಗ್ಲಿಷ್ ಹೆಸರು, ಲ್ಯಾಟಿನ್ ಹೆಸರು ಎರಡನ್ನೂ ಒಪ್ಪಿಸಿದರು. ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳು ನಮ್ಮನ್ನು ನೋಡಿ, "ನವಮಿ ಅಲ್ವಾ ಇವತ್ತು? ಇಳಿತ ಆಗೂಕೆ ಇನ್ನೂ ಹೊತ್ತದೆ" ಎಂದಳು.

ಹುಣ್ಣಿಮೆ, ಅಮಾವಾಸ್ಯೆಗಳಿಗೆ ದೊಡ್ಡ ಉಬ್ಬರವಿಳಿತ, ಅಷ್ಟಮಿಯ ಆಸುಪಾಸಿನಲ್ಲಿ ಚಿಕ್ಕದು, ದಿನದಿನಕ್ಕೆ ಸುಮಾರು ಮುಕ್ಕಾಲು ಗಂಟೆ ತಡ. ಇದನ್ನು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ವರ್ಷ ವರ್ಷವೂ ಪಾಠ ಮಾಡಿದವಳು ನಾನು. ಹೊರಡುವ ಮುನ್ನ ಗೋಡೆಯ ಪಂಚಾಂಗ ನೋಡಬೇಕೆಂದು ನನಗೂ ಹೊಳೆಯಲಿಲ್ಲ! ನನ್ನದು ಮರೆವು ಅನ್ನಿ. ತಲೆಗೆ ಒಂದೂವರೆ ಸಾವಿರ ಪಡೆದವರದ್ದು?

ಹತ್ತು ಗಂಟೆ ದಾಟಿದ ಮೇಲೆ ಕೆಸರು ತಲೆಯೆತ್ತಿತು. ಹೆಂಗಸರು ಸೀರೆ ಎತ್ತಿ ಕಟ್ಟಿ ಬಳಚು ಹೆಕ್ಕಲು ಇಳಿದರು. ಅವರ ಹಿಂದೆಯೇ, ಸುಳ್ಳಲ್ಲ, ಹಕ್ಕಿಗಳೂ ಇಳಿದವು. ಬಾಗಿದ ಉದ್ದ ಕೊಕ್ಕಿನ ಕರ್ಲ್ಯೂ ಒಂದು, ಅವರಿಂದ ಇಪ್ಪತ್ತು ಮಾರು ದೂರದಲ್ಲಿ ಕೆಸರಿಗೆ ಕೊಕ್ಕು ಚುಚ್ಚುತ್ತಿತ್ತು. ಹಿಡಿಗಾತ್ರದ ಸ್ಯಾಂಡ್ ಪ್ಲೋವರ್‌ಗಳು ಓಡುವುದು, ನಿಲ್ಲುವುದು, ಹೆಕ್ಕುವುದು, ಮತ್ತೆ ಓಡುವುದು. ಹೆಂಗಸರು ತಮ್ಮತಮ್ಮಲ್ಲಿ ಗಟ್ಟಿಯಾಗಿಯೇ ಮಾತಾಡುತ್ತಿದ್ದರು. ಒಂದು ಹಕ್ಕಿಯೂ ಹಾರಲಿಲ್ಲ.

ಆಗ ಮಾರ್ಗದರ್ಶಕರು ಕೂಗಿದರು: "ಏ, ಸ್ವಲ್ಪ ಆಚೆ ಹೋಗ್ರೀ, ಫೋಟೋಕ್ಕೆ ಅಡ್ಡ ಬರ್ತೀರಿ." ಅವರು ಮಾತಿಲ್ಲದೆ ಸರಿದರು. ನಮ್ಮ ಕ್ಯಾಮೆರಾದ ಗಂಡಸರು ಕೆಸರಿಗಿಳಿದು ನೇರ ಹಕ್ಕಿಗಳತ್ತ ನಡೆದರು. ಹಾರುವ ಚಿತ್ರ ಬೇಕೆಂದು ಯಾರೋ ಅಂದದ್ದಕ್ಕೆ ಮಾರ್ಗದರ್ಶಕರೇ ಚಪ್ಪಾಳೆ ತಟ್ಟಿ ಇಡೀ ಹಿಂಡನ್ನು ಎಬ್ಬಿಸಿದರು. ಒಂದಲ್ಲ, ಮೂರು ಸಲ.

ಚೈತ್ರದಲ್ಲಿ ಆ ಹಕ್ಕಿಗಳ ಸ್ಥಿತಿ ಏನೆಂಬುದು ಅವರಿಗೆ ತಿಳಿಯದ್ದಲ್ಲ. ವ್ಯಾನಿನಲ್ಲಿ ಅವರೇ ವಿವರಿಸಿದ್ದರು. ಚಳಿಗಾಲವನ್ನು ನಮ್ಮ ಕರಾವಳಿಯಲ್ಲಿ ಕಳೆದ ಸ್ಯಾಂಡ್ ಪ್ಲೋವರ್ ಈಗ ಹಿಮಾಲಯ ದಾಟಿ ಮೊಟ್ಟೆಯಿಡಲು ಹೊರಟಿರುತ್ತದೆ. ಎದೆಗೆ ಇಟ್ಟಿಗೆಗೆಂಪು ಬಣ್ಣ ಬರುತ್ತಿರುತ್ತದೆ. ದಾರಿಗೆ ಬುತ್ತಿಯೆಂದರೆ ಮೈಯಲ್ಲಿ ಕೂಡಿಟ್ಟ ಕೊಬ್ಬು ಮಾತ್ರ. ಅದನ್ನು ಕೂಡಿಡಲು ಇಳಿತದ ಈ ಕೆಲವು ಗಂಟೆಗಳೇ ಗತಿ. ಪ್ರತಿ ಚಪ್ಪಾಳೆಗೂ ಬುತ್ತಿ ಒಂದಿಷ್ಟು ಕರಗುತ್ತದೆ, ಉಣ್ಣುವ ಹೊತ್ತೂ ಕಳೆಯುತ್ತದೆ. ಬಸುರಿಯ ಮುಂದಿನ ಎಲೆಯನ್ನು ಮೂರು ಸಲ ಎಳೆದಂತೆ ಎಂದು ನನಗನ್ನಿಸಿತು. ಹೇಳಿಯೂ ಬಿಟ್ಟೆ. "ಟೀಚರ್‌ಗೆ ಸಿಟ್ಟು ಬಂತು" ಎಂದು ನಕ್ಕರು.

ಅಣೆಕಟ್ಟು ಕಾಣದ ನದಿ ಅಘನಾಶಿನಿ. ಇದರ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅದನ್ನೇ ಹಿಡಿದುಕೊಂಡು, ಇನ್ನು ಬಳಚು ಹೆಕ್ಕುವವರನ್ನು ದೂರವಿಡಬೇಕು ಎಂದು ಊಟದ ಹೊತ್ತಿಗೆ ಒಬ್ಬ ಮಹನೀಯರು ಅಪ್ಪಣೆ ಕೊಡಿಸಿದರು. ಸ್ವಾಮಿ, 1971ರ ಆ ಒಪ್ಪಂದವೇ ಜೌಗುನೆಲದ ವಿವೇಕದ ಬಳಕೆಯ ಮಾತಾಡುತ್ತದೆ, ಜನರನ್ನು ಓಡಿಸುವ ಮಾತನ್ನಲ್ಲ. ಅಂದು ಆ ಕೆಸರಿನಲ್ಲಿ ವಿವೇಕ ಯಾರ ಬುಟ್ಟಿಯಲ್ಲಿತ್ತು?

ಹೆಂಗಸರಿಗೂ ಹಕ್ಕಿಗೂ ಏನು ನಂಟು ಎನ್ನುವವರಿಗೆ ಇನ್ನೊಂದು ಮಾತು. ಬಿಹಾರದ ಕಾಡುಗಳಲ್ಲಿ ಹಕ್ಕಿ ನೋಡಿ ಬರೆದಿಟ್ಟ ಜಮಾಲ್ ಆರಾ ಎಂಬಾಕೆಯ ಪುಸ್ತಕವನ್ನು ನ್ಯಾಷನಲ್ ಬುಕ್ ಟ್ರಸ್ಟ್ 1970ರಲ್ಲೇ ಪ್ರಕಟಿಸಿತ್ತು. ಆಕೆಗೆ ಯಾವ ಪದವಿಯೂ ಇರಲಿಲ್ಲ. ಬಳಚಿನ ಹೆಂಗಸರಿಗೂ ಇಲ್ಲ. ನಮ್ಮ ಒಂದೂವರೆ ಸಾವಿರದಲ್ಲಿ ಅವರಿಗೊಂದು ದಿನದ ಕೂಲಿ ಕೊಟ್ಟು, "ಯಾವಾಗ ಬರೋಣ, ಎಲ್ಲಿ ನಿಲ್ಲೋಣ?" ಎಂದು ಕೇಳಿದ್ದರೆ ಯಾರ ದೊಡ್ಡಸ್ತಿಕೆ ಕಡಿಮೆಯಾಗುತ್ತಿತ್ತು? ಕೇಳಿದ್ದರೆ ಬಚ್ಚಲಿಗೂ ಎಲ್ಲಿ ಹೋಗಬೇಕೆಂದು ಅವರೇ ಹೇಳುತ್ತಿದ್ದರು. ಬೆಳಗಿನಿಂದ ಮಧ್ಯಾಹ್ನದವರೆಗೆ ನಾವು ನಾಲ್ವರು ನೀರು ಕುಡಿಯದೆ ಕೂತದ್ದು ಯಾಕೆಂದು ಆ ಹತ್ತು ಗಂಡಸರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಹಿಂದಿರುಗುವಾಗ ಅಭಿಪ್ರಾಯ ಬರೆಯಲು ಚೀಟಿ ಕೊಟ್ಟರು. "ಕಂಡ ಹಕ್ಕಿಗಳ ಸಂಖ್ಯೆ" ಎಂಬಲ್ಲಿ ಇಪ್ಪತ್ತೊಂದು ಎಂದು ಬರೆದು, ಪಕ್ಕದಲ್ಲಿ "ಬೇಕೆಂದೇ ಹಾರಿಸಿದ್ದು: ಮೂರು ಸಲ" ಎಂದು ಸೇರಿಸಿದೆ. ಮುಂದಿನ ಪ್ರವಾಸಕ್ಕೆ ನನಗೆ ಕರೆ ಬರಲಿಲ್ಲ. ಮುಂದಿನ ಚೈತ್ರದ ಹುಣ್ಣಿಮೆ ಕಳೆದ ಎರಡನೇ ದಿನಕ್ಕೆ ನಾವು ನಾಲ್ವರೂ ಈಗಲೇ ಗುರುತು ಹಾಕಿಟ್ಟಿದ್ದೇವೆ; ಬಸ್ಸಿನಲ್ಲೇ ಹೋಗುವುದು.