ಆ ಹುಡುಗಿಗೆ ಉತ್ತರ ಗೊತ್ತಿತ್ತು



ಸ್ವಲ್ಪ ಉದ್ದ ಆಗಿದೆ, ಪುರುಸೊತ್ತು ಮಾಡ್ಕೊಂಡು ಓದಿ. ಇದರಲ್ಲಿ ಬೇರೆಯವರಿಗೆ ಬೈಗುಳ ಎಷ್ಟಿದೆಯೋ ನನಗೂ ಅಷ್ಟೇ ಇದೆ.

ಬೈರಾಪಟ್ಟಣದ ನಮ್ಮ ಕಾಲೋನಿಯ ಹುಡುಗಿ, ಮೂರನೇ ಕ್ಲಾಸು. ಹೋದ ತಿಂಗಳು ಅವಳಿಗೆ ಇಂಗ್ಲಿಷ್ ಓರಲ್ ಟೆಸ್ಟ್ ಇತ್ತು. ದೊಡ್ಡ ಪರೀಕ್ಷೆ ಏನಲ್ಲ. ಮೇಜಿನ ಮುಂದೆ ನಿಲ್ಲಬೇಕು, ಐದು ಪ್ರಶ್ನೆ ಕೇಳ್ತಾರೆ, ಬಾಯಲ್ಲಿ ಉತ್ತರ ಹೇಳಬೇಕು. ಉಳಿದ ಮಕ್ಕಳು ಹಿಂದೆ ಕೂತು ಕೇಳ್ತಿರ್ತಾರೆ. ವಾಟ್ ಈಸ್ ಯುವರ್ ನೇಮ್? ಹೇಳಿದಳು. ಹೌ ಓಲ್ಡ್ ಆರ್ ಯು? ಹೇಳಿದಳು. ವಾಟ್ ಈಸ್ ಯುವರ್ ಫಾದರ್? ಅಲ್ಲಿಗೆ ನಿಂತುಹೋಯಿತು. ಆಮೇಲೆ ಕೇಳಿದ ಎರಡಕ್ಕೂ ಬಾಯಿ ಬಿಡಲಿಲ್ಲ. ಹತ್ತಕ್ಕೆ ನಾಲ್ಕು. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ ಒಂದು ಷರಾ: 'ಮಾತನಾಡುವುದಿಲ್ಲ'.

ಇಡೀ ಬೀದಿಗೆ ಕೇಳೋ ಹಾಗೆ ಮಾತಾಡೋ ಹುಡುಗಿ ಅವಳು. ಟೆಸ್ಟಿಗೆ ಮುಂಚೆ ಎರಡು ತಿಂಗಳು ಸಂಜೆ ಹೊತ್ತು ಅಂಬೇಡ್ಕರ್ ಭವನದ ಜಗಲಿ ಮೇಲೆ ಕಾಲೋನಿ ಮಕ್ಕಳನ್ನ ಕೂರಿಸಿಕೊಂಡು ಇವೇ ಪ್ರಶ್ನೆಗಳನ್ನ ನಾನೇ ಹೇಳಿಸಿದ್ದೆ. ಕೇಳಿದೆ, "ಯಾಕ್ ಮಗಾ, ಇದನ್ನ ಹತ್ತು ಸಲ ಹೇಳ್ಕೊಂಡಿರಲಿಲ್ವಾ?"

"ಗೊತ್ತಿತ್ತು ಮಾವ. ನೀನು ಮೈ ಫಾದರ್ ಈಸ್ ಎ ಫಾರ್ಮರ್ ಅಂತ ಹೇಳ್ಕೊಟ್ಟಿದ್ದೆ. ನಮ್ಮಪ್ಪ ಫಾರ್ಮರ್ ಅಲ್ವಲ್ಲ. ನಿಜ ಹೇಳುದ್ರೆ ನಗ್ತಾರೆ. ಸುಳ್ಳು ಹೇಳುದ್ರೆ, ಹಿಂದೆ ಕೂತಿರೋರಿಗೆಲ್ಲ ಗೊತ್ತು."

ಅವರಪ್ಪ ಬೆಳಗಿನ ಜಾವ ಎದ್ದು ಪಟ್ಟಣಕ್ಕೆ ಹೋಗಿ ಚರಂಡಿ ಬಳಿಯುವ ಕಂಟ್ರಾಕ್ಟ್ ಕೆಲಸದವನು. ಅವರಿಗೆ ಒಂದು ಗುಂಟೆ ಜಮೀನಿಲ್ಲ. ಇಪ್ಪತ್ತು ವರ್ಷದಿಂದ ಭೂಮಿ ಕೊಡಿ ಅಂತ ತಾಲ್ಲೂಕು ಕಚೇರಿ ಮುಂದೆ ಧರಣಿ ಕೂತವನು ನಾನು. ಭೂಮಿ ಇಲ್ಲದವನ ಮಗಳಿಗೆ 'ಫಾರ್ಮರ್' ಅಂತ ಬಾಯಿಪಾಠ ಮಾಡಿಸಿದವನೂ ನಾನೇ. ಗೈಡಿನಲ್ಲಿ ಹಾಗಿತ್ತು, ಹಾಗೇ ಹೇಳಿಕೊಟ್ಟೆ.

ಈಗ ವಿಷಯಕ್ಕೆ ಬರ್ತೀನಿ. ನಮ್ಮ ಮಕ್ಕಳು ಓರಲ್ ಟೆಸ್ಟಲ್ಲಿ ಬಾಯಿ ಬಿಡಲ್ಲ, ಅವರಿಗೆ ಇಂಗ್ಲಿಷ್ ಹತ್ತಲ್ಲ ಅಂತಾರಲ್ಲ, ಅದು ಸುಳ್ಳು. ಆ ಹುಡುಗಿಗೆ ಪ್ರಶ್ನೆ ಅರ್ಥ ಆಗಿತ್ತು. ಇಂಗ್ಲಿಷೂ ಬರ್ತಿತ್ತು. ಅವಳ ಬಾಯಿ ಕಟ್ಟಿದ್ದು ಭಾಷೆಯಲ್ಲ. ನಮ್ಮ ಊರುಗಳಲ್ಲಿ 'ನಿಮ್ಮಪ್ಪ ಏನು ಮಾಡ್ತಾನೆ' ಅನ್ನೋದು ಕಸುಬಿನ ಪ್ರಶ್ನೆ ಅಲ್ಲ, ಜಾತಿಯ ಪ್ರಶ್ನೆ. ಕನ್ನಡದಲ್ಲಿ ಕೇಳೋಕೆ ಈಗ ಸ್ವಲ್ಪ ನಾಚಿಕೆ ಬಂದಿದೆ. ಇಂಗ್ಲಿಷಲ್ಲಿ ಕೇಳಿದರೆ ಪಾಠ ಆಗ್ತದೆ, ಅಂಕವೂ ಸಿಗ್ತದೆ.

ಕಾನೂನು ಏನು ಹೇಳ್ತದೆ ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ, ಕಲಂ 29(2). ಅದರಲ್ಲಿ 'ಎಫ್' ಅಂತ ಒಂದು ಉಪಕಲಂ ಇದೆ: ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಲ್ಲೇ ಬೋಧನೆ ಆಗಬೇಕು. ಕನ್ನಡದ ಕಾವಲುಗಾರರಿಗೆಲ್ಲ ಇದು ಬಾಯಿಪಾಠ. ಅದರ ಮಗ್ಗುಲಲ್ಲೇ 'ಜಿ' ಇದೆ: ಮಗುವನ್ನು ಭಯ, ಆಘಾತ, ಆತಂಕದಿಂದ ಬಿಡಿಸಬೇಕು, ತನ್ನ ಅಭಿಪ್ರಾಯವನ್ನು ಮುಕ್ತವಾಗಿ ಹೇಳಲು ನೆರವಾಗಬೇಕು. ಇದನ್ನ ವೇದಿಕೆ ಮೇಲೆ ಯಾರಾದರೂ ಓದಿದ್ದನ್ನ ಕೇಳಿದೀರಾ? ಇನ್ನು ಕಲಂ 17 ಮಗುವಿಗೆ ಹೊಡೆಯೋದನ್ನ ಮಾತ್ರ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸ್ತದೆ. ನಲವತ್ತು ಮಕ್ಕಳ ಮುಂದೆ ನಿಲ್ಲಿಸಿ ಅಪ್ಪನ ಕೆಲಸ ಹೇಳಿಸೋದು, ಹೇಳದಿದ್ದರೆ ಅಂಕ ಕಳೆಯೋದು ಯಾವ ಲೆಕ್ಕಕ್ಕೆ ಬರ್ತದೆ? ನೀವೇ ಹೇಳಿ.

ಇದೇ ವಯಸ್ಸಿನ ದುಡ್ಡಿರೋ ಮಕ್ಕಳು ಬರೆಯೋ ಒಂದು ಪರೀಕ್ಷೆ ಇದೆ, ಕೇಂಬ್ರಿಡ್ಜಿನವರ 'ಸ್ಟಾರ್ಟರ್ಸ್'. ಇಂಗ್ಲಿಷ್ ಈಗಷ್ಟೇ ಶುರು ಮಾಡಿದವರಿಗೆ. ಅದರ ಮಾತಿನ ಭಾಗ ಮೂರರಿಂದ ಐದು ನಿಮಿಷ. ಪರೀಕ್ಷಕರ ಮುಂದೆ ಮಗು ಒಂದೇ ಇರ್ತದೆ, ಹಿಂದೆ ನಗೋಕೆ ಯಾರೂ ಇರಲ್ಲ. ಒಳಗೆ ಹೋಗೋ ಮುಂಚೆ ಮಗುವಿನ ಭಾಷೆ ಬಲ್ಲ ಒಬ್ಬರು ಏನೇನಾಗ್ತದೆ ಅಂತ ವಿವರಿಸ್ತಾರೆ. ಮೊದಲು ಒಂದು ಚಿತ್ರ ಇಟ್ಟು ಅದೆಲ್ಲಿ ಇದೆಲ್ಲಿ ಅಂತ ಕೇಳ್ತಾರೆ, ಬೆರಳಿಟ್ಟು ತೋರಿಸಿದರೆ ಸಾಕು. ಪ್ರಶ್ನೆಗೆ ಒಂದೇ ಪದದಲ್ಲಿ ಉತ್ತರ ಹೇಳಿದರೂ ನಡೀತದೆ. ಸುಮ್ಮನಿದ್ದರೆ ಅದನ್ನೇ ಸುಲಭ ಮಾಡಿ ಇನ್ನೊಂದು ಸಲ ಕೇಳ್ತಾರೆ. ಫೇಲ್ ಅನ್ನೋದೇ ಇಲ್ಲ. ಒಂದರಿಂದ ಐದು ಗುರಾಣಿ ಚಿತ್ರ ಕೊಟ್ಟು ಕಳಿಸ್ತಾರೆ.

ಅಂದರೆ ಮಗುವಿಗೆ ಭಯ ಆಗದ ಹಾಗೆ ಓರಲ್ ಟೆಸ್ಟ್ ಮಾಡೋದು ಹೇಗೆ ಅಂತ ಜಗತ್ತಿಗೆ ಗೊತ್ತಿದೆ. ಅದರಲ್ಲಿ ಯಾವ ರಹಸ್ಯವೂ ಇಲ್ಲ. ಫೀಸು ಕಟ್ಟಿದ ಮಗುವಿಗೆ ತಾಳ್ಮೆ, ಕಟ್ಟದ ಮಗುವಿಗೆ ಕೆಂಪು ಇಂಕು. ಇಷ್ಟೇ ವ್ಯತ್ಯಾಸ.

ಮೇಷ್ಟ್ರುಗಳ ಮೇಲೆ ಎಲ್ಲಾ ಹಾಕ್ತಿಲ್ಲ. ಒಬ್ಬರೇ ಎರಡು ಮೂರು ತರಗತಿ ನೋಡ್ಕೋಬೇಕು, ಜೊತೆಗೆ ಗಣತಿ, ಚುನಾವಣೆ, ಮೊಟ್ಟೆ ಲೆಕ್ಕ. ಎಷ್ಟೋ ಮೇಡಂಗಳಿಗೆ ಸ್ವತಃ ಇಂಗ್ಲಿಷ್ ಮಾತಾಡೋಕೆ ಭಯ. ಅವರೂ ನಮ್ಮ ಹಾಗೇ ಕನ್ನಡ ಮೀಡಿಯಂನಿಂದ ಬಂದವರು. ಆದರೆ ಅಪ್ಪನ ಕೆಲಸ ಕೇಳುವ ಬದಲು ನಿನಗಿಷ್ಟವಾದ ಆಟ ಯಾವುದು ಅಂತ ಕೇಳೋಕೆ ಯಾವ ಟ್ರೈನಿಂಗೂ ಬೇಡ.

ಕನ್ನಡದ ಕಾವಲುಗಾರರಿಗೆ ಎರಡು ಮಾತು. ಒಂದರಿಂದ ನಾಲ್ಕನೇ ತರಗತಿ ಮಾತೃಭಾಷೆಯಲ್ಲೇ ಆಗಬೇಕು ಅಂತ 1994ರಲ್ಲಿ ಸರ್ಕಾರ ಆದೇಶ ಮಾಡಿತು. ಖಾಸಗಿ ಶಾಲೆಯವರು ಕೋರ್ಟಿಗೆ ಹೋದರು. 2014ರ ಮೇ 6ರಂದು ಸುಪ್ರೀಂ ಕೋರ್ಟು ಹಾಗೆ ಹೇರುವಂತಿಲ್ಲ ಅಂದಿತು. ಅಲ್ಲಿಗೆ ದುಡ್ಡಿರೋರ ಮಕ್ಕಳ ವ್ಯಾಜ್ಯ ಮುಗೀತು. ಸರ್ಕಾರಿ ಶಾಲೆ ಮಕ್ಕಳಿಗೆ 2007-08ರಿಂದ ಒಂದನೇ ಕ್ಲಾಸಿನಲ್ಲಿ ಇಂಗ್ಲಿಷ್ ಒಂದು ವಿಷಯವಾಗಿ ಬಂದಿತ್ತು, ಅಷ್ಟೇ. ನಮ್ಮ ಚನ್ನಪಟ್ಟಣದ ಆಗಿನ ಶಾಸಕರೇ ಮುಖ್ಯಮಂತ್ರಿಯಾಗಿದ್ದಾಗ ಒಂದು ಸಾವಿರ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಮೀಡಿಯಂ ತೆಗೀತೀವಿ ಅಂದರು. 2019ರ ಜನವರಿಯಲ್ಲಿ ಧಾರವಾಡದ ಸಾಹಿತ್ಯ ಸಮ್ಮೇಳನದಲ್ಲಿ ಅದಕ್ಕೆ ವಿರೋಧ ಎದ್ದಿತು. ಕನ್ನಡ ಉಳಿಸೋ ಭಾರವನ್ನ ಮೊದಲು ಯಾರ ಮಕ್ಕಳ ತಲೆ ಮೇಲೆ ಹೊರಿಸ್ತೀರಿ ಅನ್ನೋದು ಅವತ್ತೇ ಗೊತ್ತಾಯಿತು. ಕನ್ನಡ ನಮ್ಮದಲ್ಲ ಅಂತ ನಾವು ಯಾವತ್ತು ಹೇಳಿದ್ವಿ? ಕನ್ನಡಕ್ಕೆ ಸಿದ್ಧಲಿಂಗಯ್ಯನವರನ್ನ ಕೊಟ್ಟಿದ್ದು ನಮ್ಮ ಮಾಗಡಿ ತಾಲ್ಲೂಕಿನ ಮಂಚನಬೆಲೆಯ ದಲಿತ ಕೇರಿ. ನಮಗೆ ಕನ್ನಡದ ಪಾಠ ಹೇಳೋ ಮುಂಚೆ ನಿಮ್ಮ ಮೊಮ್ಮಕ್ಕಳ ಯೂನಿಫಾರಂ ಮೇಲಿರೋ ಸ್ಕೂಲಿನ ಹೆಸರು ಓದ್ಕೊಳ್ಳಿ.

ಇನ್ನು ನಮ್ಮವರಿಗೆ. ಉತ್ತರ ಪ್ರದೇಶದಲ್ಲಿ 2010ರಲ್ಲಿ ಇಂಗ್ಲಿಷ್ ದೇವಿಗೆ ಗುಡಿ ಕಟ್ಟೋಕೆ ಹೊರಟರು. ಅದರ ಹಿಂದಿನ ಸಿಟ್ಟು ನನಗೆ ಅರ್ಥ ಆಗ್ತದೆ. ಆದರೆ ದೇವಿಗೆ ಕೈ ಮುಗಿದರೆ ಮಗುವಿಗೆ ಬಾಯಿ ಬರಲ್ಲ. ಸಾಲ ಮಾಡಿ ಸ್ಪೋಕನ್ ಇಂಗ್ಲಿಷ್ ಪ್ಯಾಕೇಜಿಗೆ ಕಟ್ಟಿದರೂ ಬರಲ್ಲ. ಅಲ್ಲಿ ಹೇಳಿಕೊಡೋದೂ ಅದೇ ಬಾಯಿಪಾಠ. ಬಾಬಾಸಾಹೇಬರು ಇಂಗ್ಲಿಷಿನಲ್ಲಿ ಜಗತ್ತಿಗೆ ಬರೆದರು. ಆದರೆ 1920ರಲ್ಲಿ ತಮ್ಮ ಮೊದಲ ಪತ್ರಿಕೆ ತೆಗೆದಾಗ ಅದು ಮರಾಠಿಯಲ್ಲಿತ್ತು, ಹೆಸರು 'ಮೂಕನಾಯಕ'. ಮೂಕರು ಅಂದರೆ ಭಾಷೆ ಬಾರದವರಲ್ಲ. ಕೇಳೋರು ಇಲ್ಲದವರು.

ಕೇಳೋರು ಬೇಕು, ಅಷ್ಟೇ. ಆ ಹತ್ತಕ್ಕೆ ನಾಲ್ಕು ಬಂದ ಮೇಲೆ ನಮ್ಮ ಜಗಲಿ ಕ್ಲಾಸನ್ನ ಬದಲಾಯಿಸಿದೆ. ಗೈಡು ಮುಚ್ಚಿಟ್ಟೆ. ಮೊದಲು ಕಲಿಸಿದ್ದು ಎರಡು ಮಾತು: 'ಪ್ಲೀಸ್ ಸೇ ಇಟ್ ಅಗೇನ್', 'ಐ ಡೋಂಟ್ ನೋ'. ಗೊತ್ತಿಲ್ಲ ಅಂತ ತಲೆ ಎತ್ತಿ ಹೇಳೋದೂ ಮಾತೇ. ಪ್ರಶ್ನೆ ಕೇಳಿದ ಮೇಲೆ ಮನಸ್ಸಲ್ಲೇ ಹತ್ತು ಎಣಿಸ್ತೀನಿ, ಮಧ್ಯೆ ಬಾಯಿ ಹಾಕಲ್ಲ. ತಪ್ಪು ಮಾತಾಡಿದರೆ ಅಲ್ಲೇ ತಿದ್ದಲ್ಲ. 'ಹಿ ಗೋ ಸ್ಕೂಲ್' ಅಂದರೆ 'ಓ, ಹಿ ಗೋಸ್ ಟು ಸ್ಕೂಲ್' ಅಂತ ನಾನು ಮುಂದುವರಿಸ್ತೀನಿ. ಆನ್, ಅಂಡರ್, ಬಿಹೈಂಡ್ ಕಲಿಸೋಕೆ ಚನ್ನಪಟ್ಟಣದ ಬೊಂಬೆ ಇದಾವಲ್ಲ. ಬಣ್ಣದ ಅರಗು ಹಾಕಿದ ಕುದುರೆ, ಬುಗುರಿ, ಬಂಡಿ. ಪುಟ್ ದ ಹಾರ್ಸ್ ಅಂಡರ್ ದ ಚೇರ್. ಈ ಬೊಂಬೆ ದೇಶ ವಿದೇಶಕ್ಕೆ ಹೋಗ್ತವೆ, ನಮ್ಮ ಮಕ್ಕಳ ಕೈಗೆ ಬಂದಿರಲಿಲ್ಲ.

ಇನ್ನೊಂದು ನಿಯಮ: ಮಕ್ಕಳೂ ನಮ್ಮನ್ನ ಪ್ರಶ್ನೆ ಕೇಳಬೇಕು. ಮೊದಲ ದಿನವೇ ಅವಳು ಕೇಳಿದಳು, "ಮಾವ, ವಾಟ್ ಈಸ್ ಯುವರ್ ಫಾದರ್?"

ನಮ್ಮಪ್ಪ ಜೀತಕ್ಕಿದ್ದವನು. ಅದಕ್ಕೆ ಇಂಗ್ಲಿಷಲ್ಲಿ ಏನಂತಾರೆ ಗೊತ್ತು, ಗುಮಾಸ್ತ ನಾನು, ಎಷ್ಟೋ ಸಲ ಟೈಪ್ ಮಾಡಿದೀನಿ. ಬಿಎ ಓದಿದೀನಿ, ಮೈಕ್ ಹಿಡಿದು ಸಾವಿರ ಜನರ ಮುಂದೆ ಮಾತಾಡಿದೀನಿ. ಆ ಜಗಲಿ ಮೇಲೆ ಏಳು ಮಕ್ಕಳ ಮುಂದೆ ಬಾಯಿ ಬರಲಿಲ್ಲ. ಅವಳೇ ಹತ್ತರವರೆಗೆ ಎಣಿಸಿದಳು. ಆಮೇಲೆ "ಇಟ್ ಈಸ್ ಓಕೆ ಮಾವ" ಅಂದು ಮುಂದಿನ ಪ್ರಶ್ನೆಗೆ ಹೋದಳು. ಓರಲ್ ಟೆಸ್ಟ್ ಮಾಡೋದು ಹೇಗೆ ಅಂತ ನಾನು ಕಲಿತಿದ್ದು ಅವಳಿಂದ.

ಇದನ್ನ ಹೇಳಿದಾಗ ಸಂಗಾತಿಯೊಬ್ಬರು, "ನಮ್ಮಪ್ಪ ಪೌರಕಾರ್ಮಿಕ ಅಂತ ಎದೆ ತಟ್ಟಿ ಹೇಳೋದು ಕಲಿಸಪ್ಪಾ, ಅದೇ ಸ್ವಾಭಿಮಾನ" ಅಂದರು. ಮಾತು ಚೆನ್ನಾಗಿದೆ. ಅವಳಿಗೆ ಇಷ್ಟ ಬಂದ ದಿನ ಹೇಳಲಿ, ಇಂಗ್ಲಿಷ್ ವಾಕ್ಯ ನಾನು ಕೊಡ್ತೀನಿ. ಆದರೆ ಎಂಟು ವರ್ಷದ ಮಗು ಎರಡು ಅಂಕಕ್ಕಾಗಿ ನಮ್ಮ ಇಡೀ ಚಳವಳಿಯನ್ನ ಹೊತ್ಕೊಂಡು ಮೇಜಿನ ಮುಂದೆ ಯಾಕೆ ನಿಲ್ಲಬೇಕು? ಅವಳ ಪಕ್ಕದ ಹುಡುಗ 'ಇಂಜಿನಿಯರ್' ಅಂದು ಎರಡು ಅಂಕ ತಗೊಂಡು ಹೋಗ್ತಾನೆ. ಇವಳು ಮಾತ್ರ ವೀರವನಿತೆ ಆಗಬೇಕಾ? ಬದಲಾಗಬೇಕಾದ್ದು ಅವಳ ಉತ್ತರ ಅಲ್ಲ, ಆ ಪ್ರಶ್ನೆ.

ಹಾಗಾಗಿ ಈ ತಿಂಗಳು ಬಿಇಒ ಕಚೇರಿಗೆ ಮನವಿ ಕೊಡ್ತಿದೀವಿ. ಚಿಕ್ಕ ತರಗತಿಗಳ ಓರಲ್ ಟೆಸ್ಟಲ್ಲಿ ಅಪ್ಪ ಅಮ್ಮನ ಕೆಲಸ, ಮನೆ, ಅಡ್ಡಹೆಸರು ಕೇಳಬಾರದು. ಮಗುವನ್ನ ಒಂದೇ ಕೂರಿಸಿ ಕೇಳಬೇಕು. ಸುಮ್ಮನಾದರೆ ಸುಲಭ ಮಾಡಿ ಇನ್ನೊಂದು ಸಲ ಕೇಳಬೇಕು. 'ಮಾತನಾಡುವುದಿಲ್ಲ' ಅಂತ ಷರಾ ಬರೆಯೋದು ನಿಲ್ಲಬೇಕು. ಕಾಸು ಖರ್ಚಿಲ್ಲದ ನಾಲ್ಕು ಬೇಡಿಕೆ.

ಚನ್ನಪಟ್ಟಣ, ರಾಮನಗರ, ಮಾಗಡಿ, ಕನಕಪುರದ ಗೆಳೆಯರೇ, ಸಹಿ ಹಾಕೋಕೆ ಬನ್ನಿ. ಬರುವಾಗ ನಿಮ್ಮ ಕೇರಿಯ ಅಂಬೇಡ್ಕರ್ ಭವನದ ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳ್ಕೊಂಡು ಬನ್ನಿ. ಏಪ್ರಿಲ್ 14ಕ್ಕೆ ಒಂದು ದಿನ ತೆಗೆದು ವರ್ಷವೆಲ್ಲ ಬೀಗ ಹಾಕೋ ಜಾಗ ಅದು. ಸಂಜೆ ಅರ್ಧ ಗಂಟೆ ತೆಗೆಸಿ, ಮಕ್ಕಳ ಜೊತೆ ಕೂತ್ಕೊಳ್ಳಿ. ನಿಮಗೆ ಇಂಗ್ಲಿಷ್ ಸರಿಯಾಗಿ ಬರದಿದ್ದರೂ ಪರವಾಗಿಲ್ಲ, ನನಗೂ ಅಷ್ಟಕ್ಕಷ್ಟೇ. ಹತ್ತರವರೆಗೆ ಎಣಿಸೋಕೆ ಬಂದರೆ ಸಾಕು.

ಜೈಭೀಮ್.