ಮುತ್ತಾತನ ವೀಣೆ, ಮುತ್ತಜ್ಜಿಯ ಹೆಸರು

ಇಟಲಿಯ ದಕ್ಷಿಣದಲ್ಲಿ, ಬೆಟ್ಟದ ಮೇಲೆ, ವಿಜ್ಜಾನೊ ಎಂಬ ಊರಿದೆ. 19ನೆಯ ಶತಮಾನದಲ್ಲಿ ಆ ಊರಿನ ಗಂಡಸರೂ ಹುಡುಗರೂ ಸಣ್ಣ ಹಾರ್ಪ್ ವಾದ್ಯವನ್ನು ಹೆಗಲಿಗೇರಿಸಿ, ದೂರದೇಶದ ಬೀದಿಗಳಲ್ಲಿ ನುಡಿಸಿ ಹೊಟ್ಟೆ ಹೊರೆದರು. ಅವರ ಮರಿಮಕ್ಕಳು ಇಂದು ತಮ್ಮ ಮೂಲವನ್ನು ಅರಸಹೊರಟರೆ ದಾರಿ ತೀರ ದುರ್ಗಮವಲ್ಲ. ನೇಪಲ್ಸ್ ರಾಜ್ಯದಲ್ಲಿ 1809ರಿಂದಲೇ ಜನನ, ವಿವಾಹ, ಮರಣಗಳನ್ನು ಸರಕಾರ ಬರೆದಿಡತೊಡಗಿತು. ಅದಕ್ಕೂ ಹಿಂದಿನದಕ್ಕೆ ಇಗರ್ಜಿಯ ಪುಸ್ತಕಗಳುಂಟು. ಕಡಲು ದಾಟಿದ ಮೇಲೆ ಹಡಗಿನ ಪಟ್ಟಿಗಳುಂಟು.

ನಮ್ಮ ಬಸವನಗುಡಿಯವರಿಗೆ ಈ ಭಾಗ್ಯವೆಲ್ಲಿ! ಗೋತ್ರ ಗೊತ್ತು, ಸೂತ್ರ ಗೊತ್ತು. ಶ್ರಾದ್ಧದ ದಿನ ಮೂರು ತಲೆಮಾರಿನ ಹೆಸರುಗಳನ್ನು ಪುರೋಹಿತರು ಹೇಳಿಸುತ್ತಾರೆ. ನಾಲ್ಕನೆಯದನ್ನು ವಿಶ್ವೇದೇವರನ್ನೇ ಕೇಳಬೇಕು. ಈ ಬಡಾವಣೆಯಾದರೂ ಪ್ಲೇಗಿನ ತರುವಾಯ, 1898ರಲ್ಲಿ, ರೂಪುಗೊಂಡುದು. ಅಂದಮೇಲೆ ಇಲ್ಲಿರುವವರೆಲ್ಲ ಎಲ್ಲಿಂದಲೋ ಬಂದವರೇ. ಆದರೆ ಸಂಗೀತಗಾರರ ಮನೆಯವರಿಗೆ ಒಂದು ಅನುಕೂಲವುಂಟು: ಅವರ ವಂಶವೃಕ್ಷದ ಜೊತೆಗೆ ಗುರುಪರಂಪರೆಯೂ ಬೆಳೆದುಬಂದಿರುತ್ತದೆ. ಅಪ್ಪನ ಅಪ್ಪನನ್ನು ಮರೆತವರೂ ಗುರುವಿನ ಗುರುವನ್ನು ಮರೆಯುವುದಿಲ್ಲ.

ಪಚ್ಚಿಮಿರಿಯಂ ಆದಿಯಪ್ಪಯ್ಯನವರನ್ನು ನೋಡಿ. 18ನೆಯ ಶತಮಾನದಲ್ಲಿ ತಂಜಾವೂರಿನ ಆಸ್ಥಾನದಲ್ಲಿದ್ದ ಈ ವಿದ್ವಾಂಸರು ಕರ್ನಾಟಕದ ಬ್ರಾಹ್ಮಣರೆಂದು ಸುಬ್ಬರಾಮ ದೀಕ್ಷಿತರು 1904ರಲ್ಲಿ ಪ್ರಕಟಿಸಿದ ತಮ್ಮ ಮಹಾಗ್ರಂಥದಲ್ಲಿ ದಾಖಲಿಸಿದ್ದಾರೆ. ಶ್ಯಾಮಾಶಾಸ್ತ್ರಿಗಳಿಗೆ ಅವರು ಗುರುಗಳು. ಸಂಗೀತ ಕಲಿಯುವ ಮಕ್ಕಳು ಇಂದಿಗೂ ಬೆವರಿಳಿಸಿ ಸಾಧನೆಮಾಡುವ ‘ವಿರಿಬೋಣಿ’ ಭೈರವಿ ವರ್ಣ ಅವರ ಕೃತಿ. ಕನ್ನಡನಾಡಿನ ಮೂಲದವರು, ತಮಿಳುನಾಡಿನ ನೆಲದಲ್ಲಿ, ಮರಾಠಿ ಅರಸರ ಆಶ್ರಯದಲ್ಲಿ, ತೆಲುಗಿನಲ್ಲಿ ಬರೆದರು! ನಾವು ಈಗ ಎಳೆಯುವ ಗಡಿಗೆರೆಗಳ ಪೈಕಿ ಯಾವುದನ್ನು ಅವರ ಮನೆಯ ಮುಂದೆ ಎಳೆಯೋಣ? ಮೈಸೂರಿನ ವೀಣೆ ಶೇಷಣ್ಣನವರು (1852–1926) ಇದೇ ವಂಶದ ಕುಡಿಯೆಂದು ಪರಂಪರೆ ಹೇಳುತ್ತದೆ. ಅವರ ತಂದೆ ಬಕ್ಷಿ ಚಿಕ್ಕರಾಮಪ್ಪನವರು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದವರು. ಹೋದ ಬೀಜ ಮರವಾಗಿ ಮರಳಿತು.

ಚಿತ್ತೂರಿನ ಸೀಮೆಯ ಮರಾಠಿ ಮನೆತನದ ಸದಾಶಿವರಾಯರು ವಾಲಾಜಾಪೇಟೆಯಲ್ಲಿ ತ್ಯಾಗರಾಜರ ಶಿಷ್ಯರಾದ ವೆಂಕಟರಮಣ ಭಾಗವತರ ಬಳಿ ಕಲಿತು ಮೈಸೂರಿಗೆ ಬಂದರು. ಬಂದವರು ‘ಮೈಸೂರು ಸದಾಶಿವರಾಯರು’ ಆದರು. ಹೆಸರಿನ ಹಿಂದಿನ ಊರನ್ನು ನಂಬಿ ಮೂಲವನ್ನು ಹುಡುಕುವವರಿಗೆ ಇದೊಂದು ಎಚ್ಚರಿಕೆ: ಅದು ಹುಟ್ಟಿದ ಊರಾಗಿರಬಹುದು, ಅನ್ನ ಕೊಟ್ಟ ಊರೂ ಆಗಿರಬಹುದು.

ಈಚೆಗೆ ಗಾಂಧಿ ಬಜಾರಿನಲ್ಲಿ ತರಕಾರಿ ಕೊಳ್ಳುತ್ತಿದ್ದ ಪರಿಚಿತ ಹಿರಿಯರೊಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. ಅಮೆರಿಕದಲ್ಲಿರುವ ಮೊಮ್ಮಗಳು ವಂಶವೃಕ್ಷ ಬರೆಯುತ್ತಿದ್ದಾಳಂತೆ. “ಮೇಷ್ಟ್ರೇ, ತಂಜಾವೂರಿನಿಂದ ಬಂದ ಮುತ್ತಾತ ವೈಣಿಕರು ಅಂತ ಹೇಳಿಬಿಟ್ಟೆ. ಹುಡುಗಿಗೆ ಬಹಳ ಸಂತೋಷ,” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಚೀಲವನ್ನು ಕೈಯಿಂದ ಕೈಗೆ ಬದಲಾಯಿಸಿ, ದನಿ ತಗ್ಗಿಸಿದರು: “ನಿಜವಾಗಿ ನುಡಿಸುತ್ತಿದ್ದವಳು ಮುತ್ತಜ್ಜಿ. ಗುಡಿಯ ಸೇವೆಯ ಮನೆತನ. ಅವಳ ಹೆಸರನ್ನು ನಮ್ಮಪ್ಪ ಬಾಯಿಬಿಟ್ಟು ಹೇಳಲಿಲ್ಲ. ನಾನೂ ಹೇಳಿಲ್ಲ.”

ಇಂಥ ಮನೆಗಳು ಎಷ್ಟಿವೆಯೋ! ತಂಜಾವೂರಿನ ಮುತ್ತಾತನನ್ನು ಕಲ್ಪಿಸಿಕೊಳ್ಳುವುದು ಸುಲಭ. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರ (1878–1952) ಎದೆಗಾರಿಕೆ ಎಲ್ಲರಿಗೂ ಇರುವುದಿಲ್ಲ. ಆಕೆ ತಮ್ಮ ಕುಲವನ್ನು ಮರೆಮಾಚಲಿಲ್ಲ. ದೇವದಾಸಿ ಕುಲದ ಕವಯಿತ್ರಿ ಮುದ್ದುಪಳನಿಯ ಕಾವ್ಯವನ್ನು 1910ರಲ್ಲಿ ಸಂಪಾದಿಸಿ ಅಚ್ಚುಹಾಕಿಸಿದರು. ಸರಕಾರ ಅದನ್ನು ನಿಷೇಧಿಸಿದರೂ ಅಂಜಲಿಲ್ಲ. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು ಆಕೆಯೇ. ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡಲು ಅಡ್ಡಿಯಿದ್ದಾಗ ಹೋರಾಡಿದವರೂ ಆಕೆಯೇ. ಅವರ ಸಮಾಧಿಯೂ ಅಲ್ಲಿಯೇ ಇದೆ.

ಹುಡುಕುವವರು ಹೆಣ್ಣಿನ ಕಡೆಯಿಂದಲೂ ಹುಡುಕಬೇಕು. ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಯನ್ನು ಮೈಸೂರು ಸರಕಾರ ನಿಲ್ಲಿಸಿದುದು 1909ರಲ್ಲಿ. ಅದಕ್ಕೆ ಹಿಂದೆ ಸೇವೆಗೆ ಸಂಬಳವಿತ್ತು. ಸಂಬಳವಿದ್ದಲ್ಲಿ ಲೆಕ್ಕವಿರುತ್ತದೆ, ಲೆಕ್ಕವಿದ್ದಲ್ಲಿ ಹೆಸರಿರಬೇಕಷ್ಟೆ. ಅರಮನೆಯ ಹಳೆಯ ಕಡತಗಳು ಮೈಸೂರಿನ ಪತ್ರಾಗಾರದಲ್ಲಿವೆ. ತಂಜಾವೂರಿನ ಆಸ್ಥಾನದ ಮೋಡಿಲಿಪಿಯ ಮರಾಠಿ ಕಾಗದಗಳು ಸರಸ್ವತಿ ಮಹಲಿನಲ್ಲಿವೆ. ಅವನ್ನು ಓದಬಲ್ಲವರು ಮಾತ್ರ ವಿರಳ.

ನಾವು ಹಿರಿಯರಿಗೆ ಇಷ್ಟನ್ನು ಹೇಳಿ, ಮೊದಲು ಆ ಹೆಸರನ್ನು ಮೊಮ್ಮಗಳಿಗೆ ಬರೆದು ಕಳುಹಿಸಿರೆಂದೆವು. ಪತ್ರಾಗಾರಕ್ಕೆ ಹೋಗುವವರು ಹೆಸರೇ ಇಲ್ಲದೆ ಏನನ್ನು ತಾನೆ ಹುಡುಕಿಯಾರು?